ಡೇಟಾಬೇಸ್ ಫಂಕ್ಷನ್ ಓಡಿಸಲು ‘ಕಾಲ್’ ಎಂದರೆ ಸಾಕೇ? ಫಾರ್ವರ್ಡ್ ಸೂತ್ರಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

“ಡೇಟಾಬೇಸ್‌ನಲ್ಲಿ ಫಂಕ್ಷನ್ ಓಡಿಸುವುದು ನೀರು ಕುಡಿದಷ್ಟು ಸುಲಭ. ಕಾಲ್ ಎಂದು ಬರೆಯಿರಿ, ಫಂಕ್ಷನ್ ಹೆಸರು ಹಾಕಿ, ಎಂಟರ್ ಒತ್ತಿ. ಎಲ್ಲ ಡೇಟಾಬೇಸ್‌ಗೂ ಇದೊಂದೇ ಸೂತ್ರ. ಕಲಿಯುವ ಗೆಳೆಯರಿಗೆಲ್ಲ ಕಳುಹಿಸಿ!”

ಕಂಪ್ಯೂಟರ್ ಕೋರ್ಸ್‌ಗಳ, ಕೆಲಸ ಹುಡುಕುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನೀವಿದ್ದರೆ ಇಂಥ ಚುಟುಕು ಸೂತ್ರಗಳು ನಿಮಗೂ ಬಂದಿರುತ್ತವೆ. ಆರೋಗ್ಯದ ಸುಳ್ಳು ಸುದ್ದಿಯಂತೆ ಇವು ಯಾರ ಪ್ರಾಣಕ್ಕೂ ಎರವಾಗುವುದಿಲ್ಲ, ನಿಜ. ಆದರೆ ಅಂಗಡಿಯ ಬಿಲ್ಲು, ಕಚೇರಿಯ ಸಂಬಳ, ಬ್ಯಾಂಕಿನ ಬಡ್ಡಿ ಎಲ್ಲವೂ ಇಂದು ಯಾವುದೋ ಡೇಟಾಬೇಸ್ ಮಾಡುವ ಲೆಕ್ಕ. ಅರ್ಧ ಕಲಿತ ಸೂತ್ರ ಅಲ್ಲಿಗೆ ಹೋದರೆ ನಷ್ಟವಾಗುವುದು ಯಾರದೋ ದುಡ್ಡು. ಹಾಗಾಗಿ ಈ ಸಲ ನಾವು ಡೇಟಾಬೇಸ್ ಫಂಕ್ಷನ್‌ಗಳ ಬಗೆಗಿನ ಐದು ತಪ್ಪು ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಹೇಳುತ್ತೇವೆ.

ಮೊದಲಿಗೆ: ಈ ಫಂಕ್ಷನ್ ಎಂದರೇನು?

ರಿಲೇಷನಲ್ ಡೇಟಾಬೇಸ್ ಎಂದರೆ ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಕೋಷ್ಟಕಗಳಲ್ಲಿ ಇಡುವ ವ್ಯವಸ್ಥೆ. ಈ ವಿಚಾರವನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟರು. ಕೋಷ್ಟಕಗಳೊಡನೆ ಮಾತಾಡಲು ಬಳಸುವ ಭಾಷೆ ಎಸ್‌ಕ್ಯೂಎಲ್.

ಪದೇ ಪದೇ ಬೇಕಾಗುವ ಒಂದು ಲೆಕ್ಕಕ್ಕೆ ಹೆಸರಿಟ್ಟು ಡೇಟಾಬೇಸ್‌ನ ಒಳಗೇ ಉಳಿಸಿಟ್ಟರೆ ಅದೇ ಸ್ಟೋರ್ಡ್ ಫಂಕ್ಷನ್. ಒಮ್ಮೆ ಬರೆದಿಟ್ಟರೆ ಆಯಿತು. ಆಮೇಲೆ ಹೆಸರು ಹಿಡಿದು ಕರೆದು, ಬೇಕಾದ ಅಂಕಿಗಳನ್ನು ಕೊಟ್ಟರೆ ಉತ್ತರ ಬರುತ್ತದೆ. ಹೀಗೆ ನಾವು ಕೊಡುವ ಅಂಕಿ ಅಥವಾ ಪದಗಳಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ. ಹಿಟ್ಟಿನ ಗಿರಣಿಗೆ ಹಾಕುವ ಧಾನ್ಯ ಇದ್ದಂತೆ. ರಾಗಿ ಹಾಕಿದರೆ ರಾಗಿ ಹಿಟ್ಟು, ಜೋಳ ಹಾಕಿದರೆ ಜೋಳದ ಹಿಟ್ಟು. ಗಿರಣಿ ಮಾತ್ರ ಅದೇ.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಮುದ್ರಿಸಿದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. (ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಕೇಳುವವರಿದ್ದರೆ ನೆನಪಿಡಿ, ಅದು ತಪ್ಪು.) ಹಾಗಾದರೆ 105 ರೂಪಾಯಿ ಎಂಆರ್‌ಪಿ ಇರುವ, ಶೇ 5 ಜಿಎಸ್‌ಟಿ ಇರುವ ವಸ್ತುವಿನ ಬೆಲೆಯೊಳಗೆ ತೆರಿಗೆ ಎಷ್ಟು? 105ಕ್ಕೆ ಶೇ 5 ಎಂದರೆ 5 ರೂಪಾಯಿ 25 ಪೈಸೆ ಎಂದು ಹೇಳಿಬಿಡುತ್ತೇವೆ. ಅದು ಸರಿಯಲ್ಲ. ಮೂಲ ಬೆಲೆ 100, ತೆರಿಗೆ 5, ಒಟ್ಟು 105. ಬೆಲೆಯನ್ನು ದರದಿಂದ ಗುಣಿಸಿ, 100ಕ್ಕೆ ದರ ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಪ್ರತಿ ಸಲವೂ ಇದನ್ನು ನೆನಪಿಟ್ಟುಕೊಂಡು ಬರೆಯುವ ಬದಲು ‘ಒಳತೆರಿಗೆ’ ಎಂಬ ಫಂಕ್ಷನ್ ಮಾಡಿಟ್ಟರೆ ಕೆಲಸ ಹಗುರ. ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್‌ನಲ್ಲಿ ಅದು ಹೀಗಿರುತ್ತದೆ:

ಕ್ರಿಯೇಟ್ ಫಂಕ್ಷನ್ ಒಳತೆರಿಗೆ(ಬೆಲೆ ನ್ಯೂಮೆರಿಕ್, ದರ ನ್ಯೂಮೆರಿಕ್)
ರಿಟರ್ನ್ಸ್ ನ್ಯೂಮೆರಿಕ್
ಲ್ಯಾಂಗ್ವೇಜ್ ಎಸ್‌ಕ್ಯೂಎಲ್
ರಿಟರ್ನ್ ರೌಂಡ್(ಬೆಲೆ * ದರ / (100 + ದರ), 2);

(ಹೀಗೆ ನೇರವಾಗಿ ರಿಟರ್ನ್ ಬರೆಯುವ ಸೌಲಭ್ಯ 2021ರಲ್ಲಿ ಬಂದ ಪೋಸ್ಟ್‌ಗ್ರೆಸ್ 14ನೇ ಆವೃತ್ತಿಯಿಂದ ಇದೆ.)

ಇಲ್ಲೊಂದು ಸೂಚನೆ. ಓದಲು ಸುಲಭವಾಗಲೆಂದು ನಾವು ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಕಂಪ್ಯೂಟರಿನಲ್ಲಿ ಕ್ರಿಯೇಟ್, ಸೆಲೆಕ್ಟ್, ಕಾಲ್, ಫ್ರಮ್ ಮುಂತಾದ ಎಸ್‌ಕ್ಯೂಎಲ್ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆದರೆ ನಾವೇ ಇಡುವ ಹೆಸರುಗಳ ಮಾತು ಬೇರೆ. ‘ಒಳತೆರಿಗೆ’, ‘ಬೆಲೆ’, ‘ದರ’ ಎಂಬ ಹೆಸರುಗಳನ್ನು ಪೋಸ್ಟ್‌ಗ್ರೆಸ್ ಕನ್ನಡದಲ್ಲೇ ಒಪ್ಪುತ್ತದೆ! ಒಂದೇ ಮಿತಿ ಎಂದರೆ ಹೆಸರು 63 ಬೈಟ್ ಮೀರಬಾರದು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಅಕ್ಷರ ಒಂದು ಚಿಹ್ನೆ, ಅದರ ಸ್ವರಚಿಹ್ನೆ ಇನ್ನೊಂದು. ‘ತೆರಿಗೆ’ ಎಂಬ ಮೂರಕ್ಷರದ ಪದವೇ 18 ಬೈಟ್. ಹಾಗಾಗಿ ಹೆಸರು ಚಿಕ್ಕದಾಗಿರಲಿ. ಉದ್ದವಾದರೆ ಪೋಸ್ಟ್‌ಗ್ರೆಸ್ ಬಾಲ ಕತ್ತರಿಸಿಬಿಡುತ್ತದೆ.

ಈಗ ನಂಬಿಕೆಗಳಿಗೆ ಬರೋಣ.

ನಂಬಿಕೆ 1: “ಕಾಲ್ ಎಂದು ಬರೆದರೆ ಯಾವ ಫಂಕ್ಷನ್ ಆದರೂ ಓಡುತ್ತದೆ”

ಸುಳ್ಳು. ಹೆಸರು ಹೇಳಿ ಕರೆಯುವುದಕ್ಕೆ ಮಾತಿನಲ್ಲಿ ‘ಫಂಕ್ಷನ್ ಕಾಲ್’ ಎನ್ನುತ್ತಾರೆ. ಹೊಸಬರಿಗೆ ಗೊಂದಲ ಹುಟ್ಟುವುದೇ ಅಲ್ಲಿ. ಎಸ್‌ಕ್ಯೂಎಲ್‌ನಲ್ಲಿ ಕಾಲ್ ಎಂಬ ಆದೇಶ ಇರುವುದು ಫಂಕ್ಷನ್‌ಗಾಗಿ ಅಲ್ಲ, ಪ್ರೊಸೀಜರ್‌ಗಾಗಿ.

ಎರಡಕ್ಕೂ ವ್ಯತ್ಯಾಸವೇನು? ಫಂಕ್ಷನ್ ಒಂದು ಉತ್ತರ ಕೊಡುತ್ತದೆ. ಆ ಉತ್ತರವನ್ನು ಬೇರೆ ಲೆಕ್ಕದೊಳಗೆ ಬಳಸಬಹುದು. ಪ್ರೊಸೀಜರ್ ಒಂದು ಕೆಲಸ ಮಾಡುತ್ತದೆ. ‘ಈ ಚೀಲದ ತೂಕ ಎಷ್ಟು?’ ಎಂಬ ಪ್ರಶ್ನೆ ಫಂಕ್ಷನ್ ಇದ್ದಂತೆ, ‘ಈ ಚೀಲ ಗೋದಾಮಿಗೆ ಸಾಗಿಸು’ ಎಂಬ ಅಪ್ಪಣೆ ಪ್ರೊಸೀಜರ್ ಇದ್ದಂತೆ. ಪ್ರಶ್ನೆಗೆ ಉತ್ತರ ಬೇಕಾದ್ದರಿಂದ ಫಂಕ್ಷನ್ ಅನ್ನು ಸೆಲೆಕ್ಟ್ ಮೂಲಕ ಕರೆಯುತ್ತೇವೆ:

ಸೆಲೆಕ್ಟ್ ಒಳತೆರಿಗೆ(105, 5);

ಉತ್ತರ 5.00 ಎಂದು ಬರುತ್ತದೆ. ಇದರ ಬದಲು ಕಾಲ್ ಒಳತೆರಿಗೆ(105, 5) ಎಂದರೆ ಪೋಸ್ಟ್‌ಗ್ರೆಸ್ ಎರರ್ ಕೊಟ್ಟು, ‘ಇದು ಪ್ರೊಸೀಜರ್ ಅಲ್ಲ, ಫಂಕ್ಷನ್ ಕರೆಯಲು ಸೆಲೆಕ್ಟ್ ಬಳಸಿ’ ಎಂದು ಸುಳಿವನ್ನೂ ಕೊಡುತ್ತದೆ. ಪ್ರೊಸೀಜರ್ ಅನ್ನು ಸೆಲೆಕ್ಟ್ ಮೂಲಕ ಕರೆದರೆ ‘ಕಾಲ್ ಬಳಸಿ’ ಎನ್ನುತ್ತದೆ. ಎರರ್ ಸಂದೇಶವನ್ನು ಕೊನೆಯ ಸಾಲಿನವರೆಗೆ ಓದುವ ಅಭ್ಯಾಸವಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲಿ ಇದೇ ತಪ್ಪು ಇನ್ನಷ್ಟು ಗೊಂದಲ ಮಾಡುತ್ತದೆ. ಅಲ್ಲಿ ಫಂಕ್ಷನ್ ಅನ್ನು ಕಾಲ್ ಮೂಲಕ ಕರೆದರೆ ‘ಪ್ರೊಸೀಜರ್ ಅಸ್ತಿತ್ವದಲ್ಲಿಲ್ಲ’ ಎಂಬ ಸಂದೇಶ ಬರುತ್ತದೆ. ಹೊಸಬರು ‘ಈಗ ತಾನೇ ಮಾಡಿದೆನಲ್ಲ, ಎಲ್ಲಿ ಹೋಯಿತು?’ ಎಂದು ಮತ್ತೆ ಮತ್ತೆ ಮಾಡುತ್ತ ಕೂರುತ್ತಾರೆ. ಫಂಕ್ಷನ್ ಎಲ್ಲೂ ಹೋಗಿರುವುದಿಲ್ಲ, ಹುಡುಕುತ್ತಿರುವ ಕಪಾಟು ಬೇರೆ.

ನಂಬಿಕೆ 2: “ಎಲ್ಲ ಡೇಟಾಬೇಸ್‌ಗೂ ಒಂದೇ ಸೂತ್ರ”

ಅರ್ಧ ಸತ್ಯ. ಎಸ್‌ಕ್ಯೂಎಲ್‌ಗೆ ಅಂತರರಾಷ್ಟ್ರೀಯ ಮಾನದಂಡ ಇದೆ. ಆದರೂ ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಮೈಸೂರಿನ ಕನ್ನಡ ಎಂಬಂತೆ ಪ್ರತಿ ಡೇಟಾಬೇಸ್‌ಗೂ ತನ್ನದೇ ಧಾಟಿ ಇದೆ. ನಮ್ಮ ಒಳತೆರಿಗೆ ಫಂಕ್ಷನ್ ಅನ್ನು ಎಲ್ಲದರಲ್ಲೂ ಮಾಡಿಟ್ಟಿದ್ದೇವೆ ಎಂದುಕೊಳ್ಳಿ. ಕರೆಯುವ ರೀತಿ ಹೀಗಿರುತ್ತದೆ:

• ಪೋಸ್ಟ್‌ಗ್ರೆಸ್: ಸೆಲೆಕ್ಟ್ ಒಳತೆರಿಗೆ(105, 5), ಇಲ್ಲಿ ಪ್ರೊಸೀಜರ್ ಮತ್ತು ಕಾಲ್ ಆದೇಶ ಬಂದದ್ದೇ 2018ರ 11ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಪಾಠಗಳಲ್ಲಿ ಎಲ್ಲವೂ ಫಂಕ್ಷನ್.

• ಮೈಎಸ್‌ಕ್ಯೂಎಲ್: ಇಲ್ಲೂ ಸೆಲೆಕ್ಟ್ ಒಳತೆರಿಗೆ(105, 5); ಎಂದೇ. 2005ರ 5.0 ಆವೃತ್ತಿಯಿಂದ ಈ ಸೌಲಭ್ಯ ಇದೆ.

• ಒರಾಕಲ್: ಸೆಲೆಕ್ಟ್ ಒಳತೆರಿಗೆ(105, 5) ಫ್ರಮ್ ಡ್ಯುಯಲ್, ಇಲ್ಲಿ ಸೆಲೆಕ್ಟ್ ಬರೆದರೆ ಯಾವ ಕೋಷ್ಟಕದಿಂದ ಎಂದೂ ಹೇಳಬೇಕಿತ್ತು. ಲೆಕ್ಕಕ್ಕೆ ಕೋಷ್ಟಕವೇ ಬೇಡದಿದ್ದಾಗ ಬಳಸಲೆಂದೇ ಒಂದೇ ಸಾಲಿನ ‘ಡ್ಯುಯಲ್’ ಎಂಬ ಕೋಷ್ಟಕ ಇದೆ. 23ನೇ ಪೀಳಿಗೆಯ ಒರಾಕಲ್‌ನಿಂದ ಈ ಕಟ್ಟುಪಾಡು ಸಡಿಲವಾಗಿದೆ.

• ಎಸ್‌ಕ್ಯೂಎಲ್ ಸರ್ವರ್: ಸೆಲೆಕ್ಟ್ ಡಿಬಿಒ.ಒಳತೆರಿಗೆ(105, 5), ಒಂದೇ ಬೆಲೆ ಹಿಂತಿರುಗಿಸುವ ಫಂಕ್ಷನ್‌ಗೆ ಇಲ್ಲಿ ಅದು ಯಾವ ಸ್ಕೀಮಾದಲ್ಲಿದೆ ಎಂಬ ‘ಮನೆತನದ ಹೆಸರು’ ಕಡ್ಡಾಯ. ಡಿಬಿಒ ಎಂಬುದು ಸಾಮಾನ್ಯವಾಗಿ ಸಿಗುವ ಮನೆತನ.

• ಎಸ್‌ಕ್ಯೂಲೈಟ್: ಇಲ್ಲಿ ಸ್ಟೋರ್ಡ್ ಫಂಕ್ಷನ್ ಎಂಬುದೇ ಇಲ್ಲ!

ಕೊನೆಯದರ ಬಗ್ಗೆ ಎರಡು ಮಾತು. ನೀವು ಈ ಲೇಖನ ಓದುತ್ತಿರುವ ಫೋನಿನಲ್ಲೇ ಎಸ್‌ಕ್ಯೂಲೈಟ್ ಇದೆ. ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ, ಎರಡರಲ್ಲೂ ಅನೇಕ ಆ್ಯಪ್‌ಗಳು ತಮ್ಮ ಮಾಹಿತಿಯನ್ನು ಅದರಲ್ಲೇ ಇಡುತ್ತವೆ. ರಿಚರ್ಡ್ ಹಿಪ್ ಎಂಬವರು 2000ನೇ ಇಸವಿಯಲ್ಲಿ ಹೊರತಂದ ಪುಟ್ಟ ಡೇಟಾಬೇಸ್ ಇದು. ಪ್ರತ್ಯೇಕ ಸರ್ವರ್ ಇಲ್ಲದೆ ಆ್ಯಪ್‌ನ ಒಳಗೇ ಕೆಲಸ ಮಾಡುವುದರಿಂದ ಫಂಕ್ಷನ್ ಬೇಕಾದರೆ ಆ್ಯಪ್ ಬರೆಯುವವರೇ ತಮ್ಮ ಪ್ರೋಗ್ರಾಂನಿಂದ ಅದನ್ನು ಒದಗಿಸುತ್ತಾರೆ. ಫೋನಿನಲ್ಲೇ ಎಸ್‌ಕ್ಯೂಎಲ್ ಅಭ್ಯಾಸ ಮಾಡಿಸುವ ಆ್ಯಪ್ ಎಸ್‌ಕ್ಯೂಲೈಟ್ ಬಳಸುತ್ತಿದ್ದರೆ ಕ್ರಿಯೇಟ್ ಫಂಕ್ಷನ್ ಬರೆದಾಗ ಎರರ್ ಬರುವುದು ಇದೇ ಕಾರಣಕ್ಕೆ. ತಪ್ಪು ನಿಮ್ಮದಲ್ಲ. ಈ ಪಾಠಕ್ಕೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಬೇಕು.

ನಂಬಿಕೆ 3: “‘ಫಂಕ್ಷನ್ ಇಲ್ಲ’ ಎಂಬ ಎರರ್ ಬಂದರೆ ಫಂಕ್ಷನ್ ಅಳಿಸಿಹೋಗಿದೆ ಎಂದರ್ಥ”

ಬಹುಪಾಲು ಸುಳ್ಳು. ಪೋಸ್ಟ್‌ಗ್ರೆಸ್ ಒಂದು ಫಂಕ್ಷನ್ ಅನ್ನು ಬರೀ ಹೆಸರಿನಿಂದ ಗುರುತಿಸುವುದಿಲ್ಲ. ಹೆಸರು ಮತ್ತು ಆರ್ಗ್ಯುಮೆಂಟ್‌ಗಳ ಬಗೆ, ಎರಡೂ ಸೇರಿ ಅದರ ಗುರುತು. ಊರಲ್ಲಿ ಮೂವರು ಮಂಜುನಾಥರಿದ್ದರೆ ‘ಯಾರ ಮಗ ಮಂಜುನಾಥ?’ ಎಂದು ಕೇಳುವುದಿಲ್ಲವೇ, ಹಾಗೆ. ಹಾಗಾಗಿ ‘ಫಂಕ್ಷನ್ ಇಲ್ಲ’ ಎಂಬ ಸಂದೇಶದ ನಿಜವಾದ ಅರ್ಥ ‘ಈ ಹೆಸರಿನ, ಈ ಬಗೆಯ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನ್ ನನಗೆ ಸಿಗಲಿಲ್ಲ’ ಎಂದು.

ಇದಕ್ಕೆ ಒಳ್ಳೆಯ ಉದಾಹರಣೆ ದಿನಾಂಕ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ದೊಡ್ಡ ಪ್ರಮಾಣದಲ್ಲಿ ಬದಲಾದದ್ದು ನೆನಪಿರಬಹುದು. ಶಾಂಪೂ, ಟೂತ್‌ಪೇಸ್ಟ್ ಶೇ 18ರಿಂದ 5ಕ್ಕೆ ಇಳಿದವು. ಬೆಣ್ಣೆ, ತುಪ್ಪ ಶೇ 12ರಿಂದ 5ಕ್ಕೆ ಬಂದವು. ಅಂದರೆ ಅಂಗಡಿಯ ಡೇಟಾಬೇಸ್‌ಗೆ ‘ಶಾಂಪೂ ದರ ಎಷ್ಟು?’ ಎಂದು ಕೇಳಿದರೆ ಸಾಲದು, ‘ಯಾವ ದಿನದ್ದು?’ ಎಂದೂ ಹೇಳಬೇಕು. ಹಳೆಯ ಬಿಲ್ಲನ್ನು ಮತ್ತೆ ತೆಗೆದು ನೋಡುವಾಗ ಮಾರಿದ ದಿನದ ದರವೇ ಬರಬೇಕಲ್ಲ. ಅದಕ್ಕೆಂದು ‘ದರ_ಏನು’ ಎಂಬ ಫಂಕ್ಷನ್ ಮಾಡಿ, ವಸ್ತುವಿನ ಹೆಸರು ಮತ್ತು ದಿನಾಂಕ ಎರಡನ್ನೂ ಕೊಡುತ್ತೇವೆ ಎಂದುಕೊಳ್ಳಿ:

ಸೆಲೆಕ್ಟ್ ದರ_ಏನು('ಶಾಂಪೂ', '2025-09-21');
ಸೆಲೆಕ್ಟ್ ದರ_ಏನು('ಶಾಂಪೂ', '2025-09-22');

ಮೊದಲನೆಯದಕ್ಕೆ 18, ಎರಡನೆಯದಕ್ಕೆ 5 ಬರಬೇಕು. ಈಗ ದಿನಾಂಕದ ಸುತ್ತಲಿನ ಉದ್ಧರಣ ಚಿಹ್ನೆ ಮರೆತರೆ ಏನಾಗುತ್ತದೆ? 2025-09-22 ಎಂಬುದು ಡೇಟಾಬೇಸ್‌ನ ಕಣ್ಣಿಗೆ ದಿನಾಂಕವಲ್ಲ, ಕಳೆಯುವ ಲೆಕ್ಕ. 2025ರಿಂದ 9 ಕಳೆದು, 22 ಕಳೆದರೆ 1994! ‘ದಿನಾಂಕದ ಬದಲು ಸಂಖ್ಯೆ ತೆಗೆದುಕೊಳ್ಳುವ ದರ_ಏನು ಎಂಬ ಫಂಕ್ಷನ್ ನನ್ನಲ್ಲಿಲ್ಲ’ ಎನ್ನುತ್ತದೆ ಪೋಸ್ಟ್‌ಗ್ರೆಸ್. ಹೊಸಬರಿಗೆ ಕಾಣುವುದು ಮಾತ್ರ ‘ಫಂಕ್ಷನ್ ಇಲ್ಲ’ ಎಂಬ ಎರಡು ಪದ.

ಉದ್ಧರಣ ಚಿಹ್ನೆಗಳಲ್ಲೂ ಎರಡು ಬಗೆ. ಒಂಟಿ ಚಿಹ್ನೆ ಬೆಲೆಗಳಿಗೆ, ಅಂದರೆ ಪದ, ದಿನಾಂಕಗಳಿಗೆ. ಜೋಡಿ ಚಿಹ್ನೆ ಕೋಷ್ಟಕ, ಕಾಲಂ, ಫಂಕ್ಷನ್‌ಗಳ ಹೆಸರಿಗೆ. ಶಾಂಪೂ ಎಂಬುದನ್ನು ಜೋಡಿ ಚಿಹ್ನೆಯಲ್ಲಿ ಹಾಕಿದರೆ ಪೋಸ್ಟ್‌ಗ್ರೆಸ್ ‘ಶಾಂಪೂ’ ಎಂಬ ಕಾಲಂ ಹುಡುಕಲು ಹೊರಡುತ್ತದೆ. ಇನ್ನು ಕರಾವಳಿಯಲ್ಲಿ ಸಾಮಾನ್ಯವಾದ ಡಿ'ಸೋಜಾ ಎಂಬ ಹೆಸರಿನಂತೆ ನಡುವೆಯೇ ಒಂಟಿ ಚಿಹ್ನೆ ಬಂದರೆ ಅದನ್ನು ಎರಡು ಸಲ ಬರೆಯಬೇಕು: 'ಡಿ''ಸೋಜಾ'. ಇಲ್ಲವಾದರೆ ಪದ ‘ಡಿ’ಗೇ ಮುಗಿಯಿತು ಎಂದು ಡೇಟಾಬೇಸ್ ತಿಳಿಯುತ್ತದೆ.

ಕೋಡ್ ಫಾರ್ವರ್ಡ್ ಮಾಡುವವರು ಗಮನಿಸಬೇಕಾದ ಅಂಶವೂ ಇಲ್ಲೇ ಇದೆ. ವಾಟ್ಸ್ಆ್ಯಪ್‌ನಲ್ಲಿ ಎರಡು ನಕ್ಷತ್ರ ಚಿಹ್ನೆಗಳ ನಡುವೆ ಬಂದ ಪದ ದಪ್ಪಕ್ಷರವಾಗುತ್ತದೆ, ಎರಡು ಅಂಡರ್‌ಸ್ಕೋರ್‌ಗಳ ನಡುವಿನದು ಓರೆ ಅಕ್ಷರವಾಗುತ್ತದೆ. ಆಗ ಆ ಚಿಹ್ನೆಗಳು ಕಣ್ಣಿಗೆ ಕಾಣುವುದಿಲ್ಲ. ಎಸ್‌ಕ್ಯೂಎಲ್‌ನಲ್ಲಿ ನಕ್ಷತ್ರ ಎಂದರೆ ಗುಣಾಕಾರ! ಕೆಲವು ಕೀಬೋರ್ಡ್‌ಗಳು ನೇರ ಉದ್ಧರಣ ಚಿಹ್ನೆಯನ್ನು ಅಂದದ ಬಾಗಿದ ಚಿಹ್ನೆಯಾಗಿ ತಾವೇ ಬದಲಿಸುತ್ತವೆ. ಐಫೋನಿನಲ್ಲಿ ಇದಕ್ಕೆ ‘ಸ್ಮಾರ್ಟ್ ಪಂಕ್ಚುಯೇಷನ್’ ಎಂಬ ಸೆಟ್ಟಿಂಗ್ ಇದೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಫಾರ್ವರ್ಡ್ ಆಗಿ ಬಂದ ಕೋಡ್ ಓಡದಿದ್ದರೆ ಮೊದಲು ಚಿಹ್ನೆಗಳನ್ನು ಅಳಿಸಿ ಕೈಯಾರೆ ಮತ್ತೆ ಟೈಪ್ ಮಾಡಿ ನೋಡಿ.

ನಂಬಿಕೆ 4: “ಎರರ್ ಬರಲಿಲ್ಲ ಎಂದರೆ ಉತ್ತರ ಸರಿ”

ಇದು ಅತ್ಯಂತ ಅಪಾಯದ ನಂಬಿಕೆ. ಎರರ್ ಬಂದರೆ ಕೆಲಸ ನಿಲ್ಲುತ್ತದೆ, ತಪ್ಪು ಗೊತ್ತಾಗುತ್ತದೆ. ಎರರ್ ಇಲ್ಲದ ತಪ್ಪು ಉತ್ತರ ಬಿಲ್ಲಿನಲ್ಲಿ ಅಚ್ಚಾಗಿ ಗಿರಾಕಿಯ ಕೈ ಸೇರುತ್ತದೆ. ನಮ್ಮ ಪುಟ್ಟ ಒಳತೆರಿಗೆ ಫಂಕ್ಷನ್‌ನಲ್ಲೇ ಇಂಥ ನಾಲ್ಕು ಹೊಂಡಗಳಿವೆ.

ಹೊಂಡ ಒಂದು: ಪೂರ್ಣಾಂಕ ಭಾಗಾಕಾರ. ನಾವು ಬೆಲೆ ಮತ್ತು ದರವನ್ನು ನ್ಯೂಮೆರಿಕ್ ಎಂದು ಬರೆದೆವು. ಯಾರಾದರೂ ಅದನ್ನು ಇಂಟಿಜರ್, ಅಂದರೆ ಪೂರ್ಣಾಂಕ ಎಂದು ಬರೆದರೆ? ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ, ಉಳಿದ ಪೈಸೆ ಮಾಯ. 100 ರೂಪಾಯಿಯ ವಸ್ತುವಿಗೆ ಶೇ 5ರ ಲೆಕ್ಕದಲ್ಲಿ 4.76 ಬರಬೇಕಾದಲ್ಲಿ 4 ಬರುತ್ತದೆ. 20 ರೂಪಾಯಿಯ ವಸ್ತುವಿಗೆ 95 ಪೈಸೆ ಬರಬೇಕಾದಲ್ಲಿ ಸೊನ್ನೆ! ದಿನಕ್ಕೆ ಸಾವಿರ ಚಿಲ್ಲರೆ ವಸ್ತು ಮಾರುವ ಅಂಗಡಿಯ ತೆರಿಗೆ ಲೆಕ್ಕ ಏನಾದೀತು ಯೋಚಿಸಿ. ಮೈಎಸ್‌ಕ್ಯೂಎಲ್ ಮತ್ತು ಒರಾಕಲ್‌ನಲ್ಲಿ ಇದೇ ಭಾಗಾಕಾರ ದಶಮಾಂಶ ಸಹಿತ ಬರುತ್ತದೆ. ಒಂದರಲ್ಲಿ ಕಲಿತು ಇನ್ನೊಂದರಲ್ಲಿ ಕೆಲಸ ಮಾಡುವವರು ಎಡವುವುದು ಇಲ್ಲೇ.

ಹೊಂಡ ಎರಡು: ಹಳೆಯದು ಹೋಗಿಲ್ಲ. ತಪ್ಪು ಗೊತ್ತಾಗಿ ಫಂಕ್ಷನ್ ಅನ್ನು ನ್ಯೂಮೆರಿಕ್ ಎಂದು ತಿದ್ದಿ ‘ಕ್ರಿಯೇಟ್ ಆರ್ ರಿಪ್ಲೇಸ್’ ಮೂಲಕ ಮತ್ತೆ ಮಾಡಿದಿರಿ. ಸರಿಹೋಯಿತೇ? ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲ. ಆರ್ಗ್ಯುಮೆಂಟ್‌ಗಳ ಬಗೆ ಬದಲಾದ್ದರಿಂದ ಅದು ಹೊಸದೊಂದು ಫಂಕ್ಷನ್ ಆಯಿತು, ಹಳೆಯದು ಹಾಗೇ ಉಳಿಯಿತು. ನೀವು ಒಳತೆರಿಗೆ(20, 5) ಎಂದು ಕರೆದಾಗ 20 ಮತ್ತು 5 ಪೂರ್ಣಾಂಕಗಳಾದ್ದರಿಂದ ಪೂರ್ಣಾಂಕದ ಹಳೆಯ ಫಂಕ್ಷನ್ನೇ ಓಡುತ್ತದೆ. ಮತ್ತೆ ಸೊನ್ನೆ. ‘ತಿದ್ದಿದರೂ ಬದಲಾಗುತ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದು. ಹಳೆಯದನ್ನು ಡ್ರಾಪ್ ಮಾಡಬೇಕು:

ಡ್ರಾಪ್ ಫಂಕ್ಷನ್ ಒಳತೆರಿಗೆ(ಇಂಟಿಜರ್, ಇಂಟಿಜರ್);

ಹೊಂಡ ಮೂರು: ಹಿಂದು ಮುಂದು. ಬೆಲೆ ಮೊದಲು, ದರ ಆಮೇಲೆ ಎಂಬುದು ನಿಯಮ. ಮರೆತು ಒಳತೆರಿಗೆ(5, 105) ಎಂದು ಕರೆದರೆ 5.00 ಬದಲು 2.56 ಬರುತ್ತದೆ. ಎರಡೂ ಸಂಖ್ಯೆಗಳೇ ಆದ್ದರಿಂದ ಡೇಟಾಬೇಸ್‌ಗೆ ಅನುಮಾನ ಬರುವುದಿಲ್ಲ. ನೋಡಿದವರಿಗೂ 2.56 ಎಂಬುದು ‘ತೆರಿಗೆಯಂತೆಯೇ’ ಕಾಣುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರು ಹೇಳಿಯೇ ಕೊಡಬಹುದು:

ಸೆಲೆಕ್ಟ್ ಒಳತೆರಿಗೆ(ಬೆಲೆ => 105, ದರ => 5);

ಹೀಗೆ ಬರೆದರೆ ಯಾವುದು ಮೊದಲು ಬಂದರೂ ಚಿಂತೆಯಿಲ್ಲ. ಆರು ತಿಂಗಳ ಮೇಲೆ ಓದುವವರಿಗೂ ಅರ್ಥವಾಗುತ್ತದೆ.

ಹೊಂಡ ನಾಲ್ಕು: ನಲ್. ಡೇಟಾಬೇಸ್‌ನಲ್ಲಿ ಬೆಲೆಯೇ ತುಂಬದ ಖಾಲಿ ಜಾಗಕ್ಕೆ ನಲ್ ಎನ್ನುತ್ತಾರೆ. ನಲ್ ಎಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’. ಗೊತ್ತಿಲ್ಲದ್ದನ್ನು ಯಾವುದರಿಂದ ಗುಣಿಸಿದರೂ ಗೊತ್ತಿಲ್ಲ. ಹಾಗಾಗಿ ದರ ತುಂಬದ ವಸ್ತುವಿಗೆ ಒಳತೆರಿಗೆ ಫಂಕ್ಷನ್ ನಲ್ ಕೊಡುತ್ತದೆ. ಮೂರು ವಸ್ತುಗಳ ತೆರಿಗೆ 18, 5 ಮತ್ತು ನಲ್ ಎಂದಿರಲಿ. ಒಟ್ಟು ಕೂಡುವ ‘ಸಮ್’ ನಲ್ ಅನ್ನು ಸದ್ದಿಲ್ಲದೆ ಬಿಟ್ಟು 23 ಎನ್ನುತ್ತದೆ. ಒಂದು ವಸ್ತುವಿನ ತೆರಿಗೆ ಬಿಟ್ಟುಹೋಗಿದೆ ಎಂಬ ಸುಳಿವೇ ಇಲ್ಲ. ‘ನಲ್ ಇದ್ದರೆ ಸೊನ್ನೆ ಎಂದುಕೋ’ ಎಂದು ಬರೆದರೆ ತಪ್ಪು ಮುಚ್ಚಿಹೋಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ದರ ಗೊತ್ತಿಲ್ಲದ ವಸ್ತು ತೆರಿಗೆಯಿಲ್ಲದ ವಸ್ತುವಾಗಿಬಿಡುತ್ತದೆ. ಒಟ್ಟು ಸಾಲುಗಳೆಷ್ಟು, ತೆರಿಗೆ ಬಂದ ಸಾಲುಗಳೆಷ್ಟು ಎಂದು ಎಣಿಸಿ ಹೋಲಿಸುವುದು ಸರಿಯಾದ ದಾರಿ.

ಇವೆಲ್ಲಕ್ಕೂ ಒಂದು ಸರಳ ಔಷಧಿ ಇದೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ನೋಡಿ. 105ಕ್ಕೆ ಶೇ 5 ಎಂದರೆ 5, 118ಕ್ಕೆ ಶೇ 18 ಎಂದರೆ 18. ಜತೆಗೆ 20 ರೂಪಾಯಿಯಂಥ ಸಣ್ಣ ಬೆಲೆ ಒಂದು, ಸೊನ್ನೆ ದರ ಒಂದು, ನಲ್ ಒಂದು. ಐದು ನಿಮಿಷದ ಕೆಲಸ.

ನಂಬಿಕೆ 5: “ಫಂಕ್ಷನ್ ಕರೆಯುವುದರಿಂದ ಏನೂ ಹಾಳಾಗುವುದಿಲ್ಲ, ಅದು ಹ್ಯಾಕ್‌ನಿಂದಲೂ ಕಾಪಾಡುತ್ತದೆ”

ಇದರಲ್ಲಿ ಎರಡು ಮಾತುಗಳಿವೆ. ಎರಡನ್ನೂ ಹಾಗೆಯೇ ಒಪ್ಪಲಾಗದು.

ಮೊದಲ ಮಾತು. ಸೆಲೆಕ್ಟ್ ಎಂದರೆ ‘ಬರೀ ಓದುವುದು’ ಎಂದು ಎಲ್ಲರೂ ಕಲಿಯುತ್ತಾರೆ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್‌ನ ಒಳಗೆ ತಿದ್ದುವ, ಅಳಿಸುವ ಆದೇಶಗಳೂ ಇರಬಹುದು. ‘ಸ್ಟಾಕ್_ಇಳಿಸು’ ಎಂಬ ಫಂಕ್ಷನ್ ಒಂದು ಶಾಂಪೂ ಮಾರಿದಾಗ ದಾಸ್ತಾನಿನಿಂದ ಒಂದನ್ನು ಕಡಿಮೆ ಮಾಡುತ್ತದೆ ಎನ್ನೋಣ. ಹೊಸಬರು ಅಭ್ಯಾಸಬಲದಿಂದ ಹೀಗೆ ಬರೆದರು:

ಸೆಲೆಕ್ಟ್ ಸ್ಟಾಕ್_ಇಳಿಸು('ಶಾಂಪೂ', 1) ಫ್ರಮ್ ಸಾಮಾನು;

ಸಾಮಾನು ಕೋಷ್ಟಕದಲ್ಲಿ 300 ಸಾಲುಗಳಿದ್ದರೆ ಫಂಕ್ಷನ್ 300 ಸಲ ಓಡುತ್ತದೆ. ಒಂದು ಶಾಂಪೂ ಮಾರಿ 300 ಶಾಂಪೂ ಲೆಕ್ಕದಿಂದ ಹೋದವು! ಫ್ರಮ್ ಬಂದ ಕೂಡಲೇ ಫಂಕ್ಷನ್ ಪ್ರತಿ ಸಾಲಿಗೂ ಒಮ್ಮೆ ಓಡುತ್ತದೆ ಎಂಬುದನ್ನು ನೆನಪಿಡಬೇಕು. ತೆರಿಗೆ ಲೆಕ್ಕಕ್ಕೆ ಅದೇ ಬೇಕು, ಪ್ರತಿ ವಸ್ತುವಿಗೂ ತೆರಿಗೆ ಬರಲಿ ಎಂದೇ

ಸೆಲೆಕ್ಟ್ ಹೆಸರು, ಒಳತೆರಿಗೆ(ಬೆಲೆ, ದರ) ಫ್ರಮ್ ಸಾಮಾನು;

ಎಂದು ಬರೆಯುತ್ತೇವೆ. ತಿದ್ದುವ ಫಂಕ್ಷನ್‌ಗೆ ಅದೇ ಶಾಪ. ಎಸ್‌ಕ್ಯೂಎಲ್ ಸರ್ವರ್ ಫಂಕ್ಷನ್‌ಗಳಿಗೆ ಕೋಷ್ಟಕ ತಿದ್ದಲು ಬಿಡುವುದೇ ಇಲ್ಲ. ಒರಾಕಲ್ ಕೂಡ ಸೆಲೆಕ್ಟ್ ನಡುವೆ ತಿದ್ದುಪಡಿಯನ್ನು ಸಾಮಾನ್ಯವಾಗಿ ತಡೆಯುತ್ತದೆ. ಪೋಸ್ಟ್‌ಗ್ರೆಸ್ ನಿಮ್ಮ ವಿವೇಕಕ್ಕೆ ಬಿಡುತ್ತದೆ. ಹಾಗಾಗಿ ಗುರುತಿಲ್ಲದ ಫಂಕ್ಷನ್ ಅನ್ನು ಮೊದಲ ಸಲ ಕರೆಯುವಾಗ ‘ಬಿಗಿನ್’ ಎಂದು ಆರಂಭಿಸಿ, ಕರೆದು, ಫಲಿತಾಂಶ ನೋಡಿ, ‘ರೋಲ್‌ಬ್ಯಾಕ್’ ಕೊಡಿ. ಆಗ ಕೋಷ್ಟಕಗಳಲ್ಲಿ ಆದ ಬದಲಾವಣೆ ರದ್ದಾಗುತ್ತದೆ. ಅದಕ್ಕಿಂತಲೂ ಒಳ್ಳೆಯದು, ನಿಜವಾದ ವ್ಯವಹಾರದ ಡೇಟಾಬೇಸ್‌ನಲ್ಲಿ ಅಭ್ಯಾಸವನ್ನೇ ಮಾಡದಿರುವುದು.

ಎರಡನೆಯ ಮಾತು ಸುರಕ್ಷತೆ. ಗಿರಾಕಿ ಟೈಪ್ ಮಾಡಿದ ಪದದೊಳಗೆ ಎಸ್‌ಕ್ಯೂಎಲ್ ಆದೇಶ ತೂರಿಸಿ ಡೇಟಾಬೇಸ್‌ಗೆ ಕನ್ನ ಹಾಕುವುದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಡಿ'ಸೋಜಾ ಎಂಬ ಹೆಸರು ಅರಿಯದೆ ಮಾಡುವ ತೊಂದರೆಯನ್ನೇ ಕನ್ನಗಳ್ಳರು ಬೇಕೆಂದೇ ಮಾಡುತ್ತಾರೆ. ಬಂದ ಪದವನ್ನು ಫಂಕ್ಷನ್‌ಗೆ ಪ್ರತ್ಯೇಕ ಆರ್ಗ್ಯುಮೆಂಟ್ ಆಗಿ ಕಳುಹಿಸಿದರೆ ಡೇಟಾಬೇಸ್ ಅದನ್ನು ಬರೀ ಪದವಾಗಿಯೇ ನೋಡುತ್ತದೆ, ಅಪಾಯವಿಲ್ಲ. ಆದರೆ ಆ್ಯಪ್ ಬರೆದವರು ಪದಗಳನ್ನು ಅಂಟಿಸಿ ಇಡೀ ಆದೇಶದ ಸಾಲನ್ನು ಕಟ್ಟಿದರೆ, ಅಥವಾ ಫಂಕ್ಷನ್‌ನ ಒಳಗೇ ಹಾಗೆ ಅಂಟಿಸಿ ಓಡಿಸಿದರೆ, ಫಂಕ್ಷನ್ ಇದ್ದೂ ಬಾಗಿಲು ತೆರೆದೇ ಇರುತ್ತದೆ. ಕಾಪಾಡುವುದು ಆರ್ಗ್ಯುಮೆಂಟ್ ಕಳುಹಿಸುವ ಕ್ರಮ, ಫಂಕ್ಷನ್ ಎಂಬ ಹೆಸರಲ್ಲ.

ಇನ್ನೊಂದು ವಿಷಯ. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಫಂಕ್ಷನ್ ಮಾಡಿದರೆ ಅದನ್ನು ಓಡಿಸುವ ಅನುಮತಿ ಮೊದಲಿಗೆ ಎಲ್ಲ ಬಳಕೆದಾರರಿಗೂ ಇರುತ್ತದೆ. ಅಷ್ಟರಿಂದಲೇ ಅಪಾಯವಿಲ್ಲ, ಏಕೆಂದರೆ ಓಡಿಸುವವರಿಗೆ ಇರುವ ಹಕ್ಕಿನಷ್ಟೇ ಕೆಲಸ ಆಗುತ್ತದೆ. ಆದರೆ ‘ಸೆಕ್ಯುರಿಟಿ ಡಿಫೈನರ್’ ಎಂದು ಬರೆದ ಫಂಕ್ಷನ್ ಅದರ ಒಡೆಯರ ಹಕ್ಕಿನಲ್ಲಿ ಓಡುತ್ತದೆ. ಯಜಮಾನರ ಕೀಲಿಕೈಯನ್ನು ಬಾಗಿಲ ಬಳಿ ತೂಗುಹಾಕಿದಂತೆ. ಅಂಥ ಫಂಕ್ಷನ್‌ಗೆ ಯಾರಿಗೆ ಅನುಮತಿ ಎಂದು ‘ರಿವೋಕ್’ ಮತ್ತು ‘ಗ್ರ್ಯಾಂಟ್’ ಆದೇಶಗಳಿಂದ ಬಿಗಿ ಮಾಡಲೇಬೇಕು.

ಹಾಗಾದರೆ ಇಷ್ಟೆಲ್ಲ ತಾಪತ್ರಯ ಯಾಕೆ?

ಲಾಭ ಇರುವುದರಿಂದಲೇ. ಒಂದು ಅಂಗಡಿಗೆ ಬಿಲ್ಲಿಂಗ್ ಯಂತ್ರ, ಫೋನ್ ಆ್ಯಪ್, ವೆಬ್‌ಸೈಟ್ ಮೂರೂ ಇವೆ ಎನ್ನಿ. ತೆರಿಗೆ ಸೂತ್ರವನ್ನು ಮೂರು ಕಡೆ ಬರೆದಿದ್ದರೆ ಸೆಪ್ಟೆಂಬರ್ 22ರ ಬೆಳಿಗ್ಗೆ ಮೂರು ಕಡೆ ತಿದ್ದಬೇಕಿತ್ತು. ಒಂದರಲ್ಲಿ ಮರೆತರೆ ಒಂದೇ ಶಾಂಪೂಗೆ ಎರಡು ಬಿಲ್ಲು. ಸೂತ್ರ ಡೇಟಾಬೇಸ್‌ನ ಫಂಕ್ಷನ್‌ನಲ್ಲಿ, ದರಗಳು ದಿನಾಂಕ ಸಹಿತ ಕೋಷ್ಟಕದಲ್ಲಿ ಇದ್ದರೆ ಹೊಸ ದರದ ಸಾಲುಗಳನ್ನು ಸೇರಿಸಿದರೆ ಆಯಿತು. ಜತೆಗೆ ಲೆಕ್ಕ ಮಾಹಿತಿ ಇರುವಲ್ಲೇ ನಡೆಯುವುದರಿಂದ ಸಾವಿರಾರು ಸಾಲುಗಳನ್ನು ಹೊರಗೆ ಸಾಗಿಸಿ ತರುವ ಕೆಲಸ ಉಳಿಯುತ್ತದೆ. ಹಾಗೆಂದು ಎಲ್ಲವನ್ನೂ ಅಲ್ಲೇ ತುಂಬುವುದೂ ಒಳ್ಳೆಯದಲ್ಲ. ಒಂದು ಡೇಟಾಬೇಸ್‌ನ ಫಂಕ್ಷನ್‌ಗಳನ್ನು ಇನ್ನೊಂದಕ್ಕೆ ಸಾಗಿಸುವಾಗ ಧಾಟಿ ಬದಲಿಸಿ ಮತ್ತೆ ಬರೆಯಬೇಕಾಗುತ್ತದೆ.

ಚುಟುಕಾಗಿ ಹೇಳುವುದಾದರೆ

• ಫಂಕ್ಷನ್‌ಗೆ ಸೆಲೆಕ್ಟ್, ಪ್ರೊಸೀಜರ್‌ಗೆ ಕಾಲ್.
• ಒರಾಕಲ್‌ನ ಹಳೆಯ ಆವೃತ್ತಿಗಳಲ್ಲಿ ಫ್ರಮ್ ಡ್ಯುಯಲ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸ್ಕೀಮಾ ಹೆಸರು ಬೇಕು. ಎಸ್‌ಕ್ಯೂಲೈಟ್‌ನಲ್ಲಿ ಸ್ಟೋರ್ಡ್ ಫಂಕ್ಷನ್ ಇಲ್ಲ.
• ‘ಫಂಕ್ಷನ್ ಇಲ್ಲ’ ಎಂದರೆ ಮೊದಲು ಆರ್ಗ್ಯುಮೆಂಟ್‌ಗಳ ಸಂಖ್ಯೆ, ಬಗೆ, ಉದ್ಧರಣ ಚಿಹ್ನೆ ನೋಡಿ.
• ಪದ ಮತ್ತು ದಿನಾಂಕಕ್ಕೆ ಒಂಟಿ ಉದ್ಧರಣ ಚಿಹ್ನೆ. ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿ ಇರಲಿ.
• ದುಡ್ಡಿನ ಲೆಕ್ಕಕ್ಕೆ ಇಂಟಿಜರ್ ಬೇಡ, ನ್ಯೂಮೆರಿಕ್ ಇರಲಿ.
• ಉತ್ತರ ಗೊತ್ತಿರುವ ಲೆಕ್ಕದಿಂದ ಪರೀಕ್ಷಿಸದೆ ಯಾವ ಫಂಕ್ಷನ್ನನ್ನೂ ನಂಬಬೇಡಿ.
• ತಿದ್ದುವ ಫಂಕ್ಷನ್ ಅನ್ನು ಫ್ರಮ್ ಜತೆ ಕರೆಯುವ ಮುನ್ನ ಸಾಲುಗಳೆಷ್ಟಿವೆ ಎಂದು ನೋಡಿ.

“ಕಾಲ್ ಎಂದು ಬರೆದರೆ ಎಲ್ಲ ಫಂಕ್ಷನ್ ಓಡುತ್ತದೆ” ಎಂಬ ಸಂದೇಶ ಮುಂದಿನ ಸಲ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ ‘ಯಾವ ಡೇಟಾಬೇಸ್? ಯಾವ ಆವೃತ್ತಿ? ನೀವೇ ಓಡಿಸಿ ನೋಡಿದ್ದೀರಾ?’ ಎಂಬ ಮೂರು ಪ್ರಶ್ನೆ ಕೇಳಿ. ಕಲಿಯುವ ಯಾರಿಗಾದರೂ ಕೋಡ್ ಕಳುಹಿಸುವುದೇ ಆದರೆ ಈ ಮೂರಕ್ಕೂ ಉತ್ತರ ಸೇರಿಸಿಯೇ ಕಳುಹಿಸಿ.